ಹಳೆ ಫ್ರಂಟ್ ಲೋಡ್ ಮಷಿನ್: ಟೈಮರ್ ಮುಂದ ಸರೀವಲ್ದು, ಸ್ಪಿನ್ನಿಗೆ ಮಷಿನೇ ನಡೀಲತ್ತದ

ಫರಸಿಮನಿ, ಕಲಬುರಗಿ

ನಮಸ್ಕಾರ್ರಿ. 5 ಕೆಜಿ ಫ್ರಂಟ್ ಲೋಡ್ ಮಷಿನ್, ತೊಂಬತ್ತರ ದಶಕದ ಮೊದಲ ವರ್ಷಗಳದ್ದು. ಡಿಸ್‌ಪ್ಲೇ ಗಿಸ್‌ಪ್ಲೇ ಏನೂ ಇಲ್ಲ. ಒಂದು ದೊಡ್ಡ ಪ್ರೋಗ್ರಾಂ ನಾಬ್ (ಎಳದ್ರ ಚಾಲೂ, ಒತ್ತಿದ್ರ ಬಂದ್), ಒಂದು ಸಣ್ಣ ಟೆಂಪರೇಚರ್ ನಾಬ್, ಅರ್ಧ ಲೋಡಿಗೊಂದು ಮತ್ತ ಸ್ಪಿನ್ ಬ್ಯಾಡ ಅನ್ನಲಿಕ್ಕೊಂದು ಬಟನ್. ಹೊರಗಿನ ಟಬ್ ಎನಾಮಲ್, ಒಳಗಿನ ಡ್ರಮ್ ಸ್ಟೀಲ್. ಹಿಂದಿನ ತಗಡು ಬಿಚ್ಚಿದ್ರ ದಪ್ಪನ ಇಂಡಕ್ಷನ್ ಮೋಟಾರ್, ಬಾಜೂಕ ಡಬ್ಬಿಯಂಥ ಕೆಪಾಸಿಟರ್. ಕಾರ್ಬನ್ ಬ್ರಶ್ ಇಲ್ಲ.

60 ಡಿಗ್ರಿಗೆ ಇಟ್ರ ನೀರು ತುಂಬ್ತದ, ಡ್ರಮ್ ಆ ಕಡಿ ಈ ಕಡಿ ತಿರಗ್ತದ, ಆದ್ರ ನಾಬ್ ಅಲ್ಲೇ ನಿಂತಿರ್ತದ. ಎರಡು ತಾಸಾದ್ರೂ ಸರೀವಲ್ದು. ಕೈಲೆ ಮುಂದ ತಿರುವಿದ್ರ ಉಳದದ್ದು ಬರೋಬರಿ ಆಗ್ತದ. ಟೈಮರ್ ಹೋಗ್ಯಾದ, ಈಗ ಸಿಗಂಗಿಲ್ಲ, ಮಷಿನ್ ಗುಜರಿಗೆ ಹಾಕ್ರಿ ಅಂತ ಮೆಕ್ಯಾನಿಕ್ ಅಭಿಪ್ರಾಯ. ಎರಡನೇದು, ಸ್ಪಿನ್ ಟೈಮಿಗೆ ಶಹಾಬಾದ ಫರಸಿ ಮ್ಯಾಲ ಮಷಿನ್ ಅರ್ಧ ಅಡಿ ಸರೀತದ. ಮೂರನೇದು, ಒದ್ದಿ ಕೈಲೆ ಬಾಡಿ ಮುಟ್ಟಿದ್ರ ಝುಮ್ ಅಂತದ.

ಈ ಕಾಲದ ಮಷಿನ್ ಒಳಗ ಹೆಂಗ ಕೆಲಸ ಮಾಡ್ತಾವ, ಯಾವುದು ಅದರ ಗುಣ, ಯಾವುದು ಖರೇನ ರಿಪೇರಿ, ಗೊತ್ತಿದ್ದವರು ಬಿಡಿಸಿ ಹೇಳ್ರಿ. ಮಲ್ಟಿಮೀಟರ್ ಅದ, ಸ್ಪ್ಯಾನರ್ ಸೆಟ್ ಅದ.

---

ಟಕ್‌ಟಕ್, ಬೀದರ್

ಗುಜರಿಗೆ ಹಾಕಬೇಡ್ರಿ. ಟೈಮರ್ ಕೆಟ್ಟಿಲ್ಲ, ಕಾಯ್ತಾ ಕೂತಿದೆ.

ಈ ಮಷಿನ್‌ಗಳಲ್ಲಿ ಪ್ರೋಗ್ರಾಂ ಅಂದರೆ ಒಂದು ಸಣ್ಣ ಸಿಂಕ್ರೊನಸ್ ಮೋಟಾರು ತಿರುಗಿಸುವ, ಅಂಚಿನಲ್ಲಿ ಉಬ್ಬುತಗ್ಗು ಇರುವ ಪ್ಲಾಸ್ಟಿಕ್ ಕ್ಯಾಮ್‌ಗಳ ಗುಚ್ಛ. ಪ್ರತಿ ಕ್ಯಾಮಿನ ಮೇಲೂ ಒಂದು ಪತ್ತಿ, ಪತ್ತಿಯ ತುದಿಯಲ್ಲಿ ಕಾಂಟ್ಯಾಕ್ಟ್. ಎರಡು ಜಾತಿಯ ಕ್ಯಾಮ್ ಇರುತ್ತವೆ. ನಿಧಾನದವು ಒಂದೆರಡು ನಿಮಿಷಕ್ಕೊಮ್ಮೆ ಟಕ್ ಅಂತ ಒಂದು ಹಲ್ಲು ಸರಿದು ವಾಶ್, ರಿನ್ಸ್, ಸ್ಪಿನ್ ಹಂತ ಬದಲಿಸುತ್ತವೆ. ವೇಗದವು ಎಡೆಬಿಡದೆ ಸುತ್ತುತ್ತಾ ಮೋಟಾರನ್ನು ಕೆಲವು ಸೆಕೆಂಡು ಬಲಕ್ಕೆ, ಸ್ವಲ್ಪ ನಿಲುಗಡೆ, ಮತ್ತೆ ಎಡಕ್ಕೆ ಅಂತ ಓಡಿಸುತ್ತವೆ. ನಿಮ್ಮ ಡ್ರಮ್ ಎರಡೂ ಕಡೆ ತಿರುಗುತ್ತಿದೆ ಅಂದಮೇಲೆ ಟೈಮರ್ ಮೋಟಾರ್ ಮತ್ತು ವೇಗದ ಕ್ಯಾಮ್ ಸರಿಯಾಗಿವೆ ಅಂತಲೇ ಅರ್ಥ. ಆ ಕಾಂಟ್ಯಾಕ್ಟ್ ಸುಟ್ಟಿದ್ದರೆ ಡ್ರಮ್ ಒಂದೇ ಕಡೆ ತಿರುಗಿ ಬಟ್ಟೆಯೆಲ್ಲ ಹಗ್ಗ ಹೊಸೆದಂತೆ ಸುತ್ತಿಕೊಂಡು ಬರುತ್ತಿತ್ತು.

ಹಾಗಾದರೆ ನಾಬ್ ಯಾಕೆ ನಿಂತಿದೆ? ಬಿಸಿನೀರಿನ ಹಂತದಲ್ಲಿ ನಿಧಾನದ ಕ್ಯಾಮಿಗೆ ತಡೆ ಇರುತ್ತದೆ. ನೀರು ನೀವು ಇಟ್ಟ ಡಿಗ್ರಿಗೆ ಬಂದು ಥರ್ಮೋಸ್ಟ್ಯಾಟ್ ಬದಲಾಗುವ ತನಕ ಅದು ಹಲ್ಲು ಸರಿಸುವುದಿಲ್ಲ. ಹೀಟರ್ ಸುಟ್ಟರೆ ನೀರು ಬಿಸಿಯಾಗಲ್ಲ, ಥರ್ಮೋಸ್ಟ್ಯಾಟ್ ಬದಲಾಗಲ್ಲ, ಬೆಳಗಿನ ತನಕ ತಣ್ಣೀರಲ್ಲಿ ಬಟ್ಟೆ ಹೊರಳುತ್ತಲೇ ಇರುತ್ತದೆ. ಈಗಿನ ಮಷಿನ್ ಆದರೆ ಎರರ್ ತೋರಿಸಿ ನಿಲ್ಲುತ್ತದೆ. ಇದಕ್ಕೆ ಅಷ್ಟು ಬುದ್ಧಿ ಕೊಟ್ಟಿಲ್ಲ.

ಬಿಚ್ಚುವ ಮೊದಲು ಒಂದು ಪರೀಕ್ಷೆ. ಟೆಂಪರೇಚರ್ ನಾಬನ್ನು ತಣ್ಣೀರಿಗೆ ಇಟ್ಟು ಅದೇ ಪ್ರೋಗ್ರಾಂ ಹಾಕಿ. ಟೈಮರ್ ತಾನೇ ಮುಂದೆ ಹೋದರೆ ದೋಷ ಹೀಟರ್, ಥರ್ಮೋಸ್ಟ್ಯಾಟ್ ಅಥವಾ ಅವುಗಳ ವೈರಿನಲ್ಲೇ ಇದೆ.

ಆಮೇಲೆ ಪ್ಲಗ್ ಕಿತ್ತು, ಟಬ್ಬಿನ ಕೆಳಭಾಗದಲ್ಲಿ ಹೀಟರಿನ ಎರಡು ದಪ್ಪ ಪಿನ್ ಹುಡುಕಿ. ಒಂದು ಕಡೆಯ ವೈರ್ ತೆಗೆದು ಓಮ್ ನೋಡಿ. 230 ವೋಲ್ಟಿನ 2000 ವ್ಯಾಟ್ ಹೀಟರ್ ಆದರೆ 26 ಓಮ್ ಆಸುಪಾಸು ಬರಬೇಕು. ಏನೂ ಬರದಿದ್ದರೆ ಒಳಗಿನ ತಂತಿ ಕಡಿದಿದೆ. 26 ಬಂದರೆ ಥರ್ಮೋಸ್ಟ್ಯಾಟ್ ಮತ್ತು ಪ್ರೆಶರ್ ಸ್ವಿಚ್ ಕಡೆ ಹೋಗಿ.

ಪ್ರೆಶರ್ ಸ್ವಿಚ್ ಅಂದರೆ ಮೇಲೆ ಮೂಲೆಯಲ್ಲಿ ಇರುವ ದುಂಡನೆ ಡಬ್ಬಿ, ಅದಕ್ಕೊಂದು ಸಣ್ಣ ರಬ್ಬರ್ ನಳಿಕೆ. ಟಬ್ಬಿನ ಪಕ್ಕದ ಗಾಳಿ ಕೋಣೆಯಲ್ಲಿ ನೀರು ಏರಿದಂತೆ ಗಾಳಿ ಒತ್ತಿ ಸ್ವಿಚ್ ಬದಲಾಗುತ್ತದೆ. ಟಬ್ ಖಾಲಿ ಇದ್ದಾಗ ಕರೆಂಟ್ ನೀರಿನ ವಾಲ್ವಿಗೆ, ತುಂಬಿದಾಗ ಹೀಟರಿಗೆ. ಒಣ ಟಬ್ಬಿನಲ್ಲಿ ಹೀಟರ್ ಉರಿಯದಂತೆ ಕಾಯುವುದೂ ಇದೇ. ನಳಿಕೆ ತೆಗೆದು ಮೆಲ್ಲಗೆ ಊದಿದರೆ ಕ್ಲಿಕ್ ಅನ್ನಬೇಕು, ಬಿಟ್ಟರೆ ಮತ್ತೆ ಕ್ಲಿಕ್ ಅನ್ನಬೇಕು. ನಳಿಕೆಯ ಕೆಳತುದಿಯಲ್ಲಿ ಪೌಡರ್ ಮತ್ತು ಸುಣ್ಣ ಗಟ್ಟಿಯಾಗಿ ಕೂತರೆ ನೀರು ಎಲ್ಲೆ ಮೀರಿ ತುಂಬುತ್ತದೆ. ನಳಿಕೆ ಸೀಳಿದ್ದರೆ ಗಾಳಿ ಸೋರಿ, ವಾಶ್ ನಡುವೆ ಮತ್ತೆ ಮತ್ತೆ ನೀರು ತಗೋತದೆ.

ಇನ್ನು ಗುಣಗಳು. ಇವು ರಿಪೇರಿ ಅಲ್ಲ, ಹುಟ್ಟಿನಿಂದ ಬಂದದ್ದು.

ನಾಬನ್ನು ಯಾವಾಗಲೂ ಗಡಿಯಾರದ ದಿಕ್ಕಿಗೇ ತಿರುಗಿಸಬೇಕು, ಅದೂ ಬಂದ್ ಇದ್ದಾಗ. ಚಾಲೂ ಇದ್ದಾಗ ತಿರುವಿದರೆ ಪ್ರತಿ ಹಲ್ಲಿಗೂ ಕಾಂಟ್ಯಾಕ್ಟಿನಲ್ಲಿ ಕಿಡಿ ಹಾರುತ್ತದೆ. ಹಿಂದಕ್ಕೆ ತಿರುವಿದರೆ ಪತ್ತಿ ಮುರಿಯಬಹುದು. ಆಗ ಮೆಕ್ಯಾನಿಕ್ ಹೇಳಿದ ಮಾತು ನಿಜವಾಗುತ್ತದೆ.

90 ಡಿಗ್ರಿ ವಾಶ್ ಮುಗಿದ ಮೇಲೆ ನೀರು ಹೊರಗೆ ಬಿಡುವ ಮೊದಲು ಮಷಿನ್ ತಣ್ಣೀರು ಬೆರೆಸಿಕೊಳ್ಳುತ್ತದೆ. ಮೋರಿಯ ಪೈಪಿಗೆ ಕುದಿನೀರು ಬೀಳದಿರಲಿ, ಬಟ್ಟೆ ಒಮ್ಮೆಲೇ ತಣ್ಣಗಾಗಿ ಸುಕ್ಕು ಬೀಳದಿರಲಿ ಅಂತ.

ಬಂದ್ ಮಾಡಿದ ಕೂಡಲೇ ಬಾಗಿಲು ತೆರೆಯಲ್ಲ. ಲಾಕಿನೊಳಗೆ ಬಿಸಿಯಾದರೆ ಬಾಗುವ ಲೋಹದ ಪತ್ತಿ ಇದೆ. ಅದು ಆರಲು ಒಂದೆರಡು ನಿಮಿಷ ಬೇಕು, ಆಮೇಲೆ ಕ್ಲಿಕ್ ಕೇಳುತ್ತದೆ. ಹಿಡಿಕೆ ಮುರಿಯುವುದೆಲ್ಲ ಈ ಎರಡು ನಿಮಿಷ ತಾಳದೆ ಎಳೆಯುವವರಿಂದ.

ಪೌಡರ್ ಡ್ರಾಯರಿನ ಮೇಲೆ ನೋಡಿ, ಟೈಮರಿನಿಂದ ಒಂದು ತೆಳು ಕಡ್ಡಿ ಅಥವಾ ತಂತಿ ಬಂದು ನೀರಿನ ಮೂತಿಯನ್ನು ಒಂದು ಖಾನೆಯಿಂದ ಇನ್ನೊಂದಕ್ಕೆ ಹೊರಳಿಸುತ್ತದೆ. ಈಗಿನವರು ಇದಕ್ಕೆ ಎರಡು ಮೂರು ವಾಲ್ವ್ ಹಾಕುತ್ತಾರೆ, ಆಗ ಒಂದೇ ವಾಲ್ವು, ಒಂದು ಕಡ್ಡಿ. ಆ ಕಡ್ಡಿಯ ಕೊಂಡಿ ಜಾರಿದರೆ ಕೊನೆಗೆ ಹೋಗಬೇಕಾದ ಕಂಡೀಷನರ್ ಮೊದಲ ನೀರಿಗೇ ಹೋಗುತ್ತದೆ. ಟೈಮರಿಗೂ ಇದಕ್ಕೂ ನಂಟಿದೆ ಅಂತ ಹೊಳೆಯದೆ ವಾಲ್ವ್ ಬದಲಿಸಿದವರುಂಟು.

---

ಅರ್ಥಿಂಗ್ ನೋಡ್ರಿ, ಶಹಾಪುರ (ಯಾದಗಿರಿ)

ಮ್ಯಾಲಿನವರು ಹೀಟರ್ ಹೇಳಿದ್ದು ಖರೆ. ಆದ್ರ ಹೀಟರ್ ಬರೋಬರಿ ಇದ್ದೂ ಟೈಮರ್ ನಿಂತಂಗ ಕಾಣೋ ಇನ್ನೊಂದು ಕಾರಣ ನಮ್ಮ ಕಡಿ ಭಾಳ: ವೋಲ್ಟೇಜ್.

ಹೀಟರಿನ ಶಕ್ತಿ ವೋಲ್ಟೇಜಿನ ವರ್ಗದ ಲೆಕ್ಕಕ್ಕ ಇಳೀತದ. 230ಕ್ಕ 2000 ವ್ಯಾಟ್ ಇದ್ದದ್ದು 180ಕ್ಕ ಬಂದ್ರ ಸುಮಾರು 1225. ಟಬ್ಬಿನಾಗ 12 ಲೀಟರ್ ನೀರು, 25ರಿಂದ 60 ಡಿಗ್ರಿಗೆ ಏರಿಸಬೇಕು ಅಂತ ಹಿಡೀರಿ. ಪೂರಾ ವೋಲ್ಟೇಜಿಗೆ 15 ನಿಮಿಷದ ಕೆಲಸ, 180ಕ್ಕ 24 ನಿಮಿಷ. ಇದು ಬರೇ ನೀರಿನ ಲೆಕ್ಕ. ಅರಿವಿ, ಡ್ರಮ್ಮು, ಟಬ್ಬು ಕುಡಿಯೋ ಶಾಖ ಬ್ಯಾರೆ. ಹೀಟರ್ ಮ್ಯಾಲ ಸುಣ್ಣದ ಪದರಾ ಕೂತಿದ್ರ ಇನ್ನೂ ಎಳೀತದ. ಹಂಗಂತ ಎರಡು ತಾಸಂತೂ ಆಗಂಗಿಲ್ಲ, ಹಿಂಗಾಗಿ ನಿಮ್ಮದು ಹೀಟರೇ ಇರಬೇಕು. ಟೈಮರ್ ಮೋಟಾರಿಗೆ ಮಾತ್ರ ವೋಲ್ಟೇಜಿನ ಹಂಗಿಲ್ಲ, ಅದು 50 ಹರ್ಟ್ಜ್ ನೋಡಿ ತಿರಗ್ತದ. ಭಾಳ ಇಳದ್ರಷ್ಟೇ ನಿಂತುಬಿಡ್ತದ.

ಫ್ರಿಜ್ಜಿನ ಸ್ಟೆಬಿಲೈಜರ್ ಇದಕ್ಕ ಹಚ್ಚಬ್ಯಾಡ್ರಿ. ಹೀಟರ್ ಒಂದೇ 8.7 ಆಂಪ್ ತಗೋತದ. 3 ಕೆವಿಎಗಿಂತ ಕಮ್ಮಿದು ನಡಿಯಂಗಿಲ್ಲ, 4 ಇದ್ರ ಛಲೋ. 16 ಆಂಪಿನ ಪವರ್ ಸಾಕೆಟ್ಟು, 2.5 ಚದರ ಮಿಮೀ ತಾಮ್ರದ ವೈರು. ಎಕ್ಸ್‌ಟೆನ್ಶನ್ ಬಾಕ್ಸ್ ಮ್ಯಾಲ ನಡಸಿದ್ರ ಪ್ಲಗ್ಗಿನ ಪಿನ್ ಕರಗ್ತದ.

ಈಗ ಝುಮ್ ಅನ್ನೋ ವಿಷಯ. ಕರೆಂಟ್ ಒಳಗ ಬರೋ ಜಾಗದಾಗ ರೇಡಿಯೋ ಕರಕರ ತಡೀಲಿಕ್ಕ ಒಂದು ಫಿಲ್ಟರ್ ಇರ್ತದ. ಅದರ ಒಂದು ಸಣ್ಣ ಕೆಪಾಸಿಟರ್ ಫೇಸಿನಿಂದ ಬಾಡಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ಬಾಡಿಗೆ. ಅರ್ಥಿಂಗ್ ಇಲ್ಲದಿದ್ರ ಬಾಡಿ ನಟ್ಟನಡುವ ತೇಲಿ ಅರ್ಧ ವೋಲ್ಟೇಜಿಗೆ, ಅಂದ್ರ 115ರ ಹತ್ರ ನಿಲ್ತದ. ಝುಮ್ ಅನ್ನೋದು ಅದೇ. ಮಷಿನ್ ಕೆಟ್ಟಿಲ್ಲ, ನಿಮ್ಮ ಅರ್ಥಿಂಗ್ ಸತ್ತದ ಅಂತ ಅದು ಹೇಳಲತ್ತದ.

ಹಂಗಂತ ಹೀಟರ್ ಬಿಟ್ಟುಬಿಡಬ್ಯಾಡ್ರಿ. ಹೀಟರಿನ ಎರಡೂ ವೈರ್ ತಗದು ಪಿನ್ನಿಂದ ಬಾಡಿಗೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳಿಯೋ ಮೀಟರ್) ಹಚ್ಚಿ ನೋಡಸ್ರಿ. 1 ಮೆಗಾಓಮಿಗಿಂತ ಕಮ್ಮಿ ಬಂದ್ರ ಹೀಟರ್ ಬದಲಿಸೋದೇ. ಸಾದಾ ಮೀಟರಿನಾಗ ಇದು ಸಿಕ್ಕಬೀಳಂಗಿಲ್ಲ. 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ಕೂಡಲೇ ಕಡಿಯೋ ಸ್ವಿಚ್) ಹಾಕಸ್ರಿ. ಅರ್ಥ್ ಪಿನ್ನಿಗೆ ನ್ಯೂಟ್ರಲ್ ಜೋಡಿಸಿ ಕೊಡೋ ವೈರಿಂಗಿನವರು ಇದ್ದಾರ, ಅವರನ್ನ ಹತ್ರ ಬಿಟ್ಕೋಬ್ಯಾಡ್ರಿ. ನ್ಯೂಟ್ರಲ್ ಕಡದ ದಿನ ಇಡೀ ಬಾಡಿಗೆ 230 ಬರ್ತದ. ಕಲ್ಲು ನೆಲದಾಗ ಅರ್ಥ್ ಗುಂಡಿ ಬ್ಯಾಸಗಿಗೆ ಒಣಗಿ ಸತ್ತಂಗ ಆಗ್ತದ. ಇದ್ದಲಿ ಉಪ್ಪಿನ ಗುಂಡಿಗೆ ಏಪ್ರಿಲ್, ಮೇದಾಗ ಆಗಾಗ ಕೊಡ ನೀರು ಹಾಕ್ರಿ.

---

ಫರಸಿಮನಿ, ಕಲಬುರಗಿ

ಭಾಳ ಉಪಕಾರ ಆಯ್ತ್ರಿ ಇಬ್ಬರಿಂದೂ. ತಣ್ಣೀರಿಗೆ ಇಟ್ರ ನಾಬ್ ತಾನೇ ಸರದು ಕಡಿತನಕ ಹೋಯ್ತು. ಹೀಟರ್ ಪಿನ್ನಿನಾಗ ಮೀಟರ್ ಏನೂ ತೋರಸವಲ್ದು. ಅಂದ್ರ ಹೀಟರ್ ಪಕ್ಕಾ. ಹೊಸಾದು ತರುವಾಗ ಏನು ಅಳತಿ ನೋಡಬೇಕು? ಮತ್ತ ಸ್ಪಿನ್ನಿಗೆ ನಡಿಯೋದರ ಬಗ್ಗೆ ಯಾರೂ ಹೇಳಿಲ್ಲ. ಕೆಳಗ ರಬ್ಬರ್ ಮ್ಯಾಟ್ ಹಾಸಿದ್ರ ನಿಲ್ತದೇನು?

---

6205, ಸೇಡಂ

ಮ್ಯಾಟ್ ಬ್ಯಾಡ್ರಿ. ಮೆತ್ತಗಿನ ಮ್ಯಾಟ್ ಮ್ಯಾಲ ಕಾಲು ಕುಣೀತಾವ, ಅಲುಗಾಟ ಹೆಚ್ಚಾಗ್ತದ. ಮೊದಲು ಇದು ಯಾಕ ನಡೀತದ ತಿಳ್ಕೋರಿ.

ನಿಮ್ಮ ಮೋಟಾರಿಗೆ ಎರಡು ಥರದ ವೈಂಡಿಂಗ್ ಇರ್ತದ, ಬಿಲ್ಲೆ ಮ್ಯಾಲ 2/16 ಪೋಲ್ ಅಥವಾ 2/12 ಅಂತ ಬರದಿರ್ತದ. 16 ಪೋಲಿಗೆ 50 ಹರ್ಟ್ಜಿನಾಗ ನಿಮಿಷಕ್ಕ ಗರಿಷ್ಠ 375 ಸುತ್ತು, 2 ಪೋಲಿಗೆ 3000. ಸಣ್ಣ ಪುಲ್ಲಿಯಿಂದ ದೊಡ್ಡ ಪುಲ್ಲಿಗೆ ಏಳಕ್ಕ ಒಂದು ಲೆಕ್ಕ ಹಿಡದ್ರ ವಾಶಿಗೆ ಡ್ರಮ್ ನಿಮಿಷಕ್ಕ 50ರ ಆಸುಪಾಸು, ಸ್ಪಿನ್ನಿಗೆ 400ರ ಆಸುಪಾಸು. ನಡುವ ಏನೂ ಇಲ್ಲ. ಈಗಿನ ಮಷಿನ್ ಮೊದಲು 80–100 ಸುತ್ತಿನಾಗ ಅರಿವಿ ಡ್ರಮ್ಮಿನ ಗೋಡಿಗೆ ಹರಡಿ, ತೂಕ ಅಳದು, ಸರಿ ಇಲ್ಲದಿದ್ರ ಮತ್ತ ಕೆದರಿ ಆಮ್ಯಾಲ ಓಡ್ತದ. ಹಳೇದು ಬಿದ್ದಲ್ಲೇ ಬಿದ್ದ ಅರಿವಿ ಎತ್ಕೊಂಡು 50ರಿಂದ 400ಕ್ಕ ಒಮ್ಮೇಲೆ ಜಿಗೀತದ. ಒಂದು ದಪ್ಪ ಚಾದರ ಒಂದೇ ಹಾಕಿದ್ರ ಒಂದೇ ಕಡಿ ಮುದ್ದಿ ಆಗಿ ಬಡೀತದ. ದೊಡ್ಡದರ ಜೋಡಿ ಸಣ್ಣವೂ ಹಾಕ್ರಿ. ಕೌದಿ ಅಂತೂ ಇದರಾಗ ತುರುಕಬ್ಯಾಡ್ರಿ, ನೀರು ಕುಡದ ಮ್ಯಾಲ ಅದರ ತೂಕ ಬೇರಿಂಗ್ ತಡಿಯಂಗಿಲ್ಲ.

ಈ ಬಡಿತದ ಚರಿತ್ರಿ ಮಷಿನ್ ಹುಟ್ಟಿದಾಗಿಂದ ಅದ. 1937ರಾಗ ಅಮೆರಿಕದ ಬೆಂಡಿಕ್ಸ್ ಮಾಡಿದ ಮನೆಬಳಕಿಯ ಮೊದಲ ಫ್ರಂಟ್ ಲೋಡ್ ಆಟೋಮ್ಯಾಟಿಕ್ಕೂ, 1951ರ ಜರ್ಮನಿಯ ಕನ್‌ಸ್ಟ್ರಕ್ಟಾನೂ ನೆಲಕ್ಕ ಬೋಲ್ಟ್ ಹೊಡದೇ ಕೂಡಸ್ಬೇಕಿತ್ತು. ಟಬ್ಬನ್ನ ಸ್ಪ್ರಿಂಗಿಗೆ ತೂಗುಹಾಕಿ, ಅದಕ್ಕ ಕಾಂಕ್ರೀಟ್ ಗುಂಡು ಕಟ್ಟಿ ಭಾರ ಮಾಡಿದ ಮ್ಯಾಲ ಬೋಲ್ಟಿನ ಕಾಟ ತಪ್ಪಿತು. ನಿಮ್ಮದರಾಗೂ ಅದೇ: ಮ್ಯಾಲ ಎರಡು ಸ್ಪ್ರಿಂಗ್, ಕೆಳಗ ಎರಡು ಡ್ಯಾಂಪರ್, ಟಬ್ಬಿನ ಮ್ಯಾಲ ಅಥವಾ ಮುಂದ ಕಾಂಕ್ರೀಟ್. ಅದಕ್ಕೇ ಮಷಿನ್ ಎತ್ತಲಿಕ್ಕ ಇಬ್ಬರು ಬೇಕು.

ಪರೀಕ್ಷಾ ಹಿಂಗ ಮಾಡ್ರಿ. ಮ್ಯಾಲಿನ ಮುಚ್ಚಳ ತಗದು ಎರಡೂ ಕೈಲೆ ಟಬ್ ಕೆಳಗ ಒತ್ತಿ ಬಿಡ್ರಿ. ಒಮ್ಮೆ ಮ್ಯಾಲ ಬಂದು ನಿಂತ್ರ ಡ್ಯಾಂಪರ್ ಬರೋಬರಿ. ಎರಡು ಮೂರು ಸಲ ತೂಗಾಡಿದ್ರ ಒಳಗಿನ ಘರ್ಷಣೆ ಸ್ಪಂಜ್ ಸವದದ, ಜೋಡಿನೇ ಬದಲಿಸ್ರಿ. ಕಾಂಕ್ರೀಟಿನ ಬೋಲ್ಟ್ ಸಡಲಾಗ್ಯಾವೇನು ನೋಡ್ರಿ. ಬಿಗಿ ಮಾಡುವಾಗ ಸಾವಕಾಶ, ಅತಿ ಬಿಗದ್ರ ಕಾಂಕ್ರೀಟ್ ಸೀಳ್ತದ. ಸ್ಪ್ರಿಂಗ್ ಕೊಂಡಿ ಕೂಡೋ ಜಾಗದಾಗ ನೈಲಾನ್ ಬುಶ್ ಒಣಗಿದ್ರ ಕೀಚಲು ಬರ್ತದ, ಸ್ವಲ್ಪ ಗ್ರೀಸ್ ಸಾಕು. ಮನಿ ಬದಲಿಸುವಾಗ ಹಾಕಿದ ಸಾಗಾಣಿಕಿ ಬೋಲ್ಟ್ ಹಿಂದ ಹಂಗೇ ಉಳದಿದ್ರ ಟಬ್ ತೂಗಂಗೇ ಇಲ್ಲ, ಇಡೀ ಮಷಿನ್ ಕುಣೀತದ.

ಆಮ್ಯಾಲ ಫರಸಿ. ಶಹಾಬಾದ ಕಲ್ಲು ಜಾರ್ತದ, ಅದರಾಗೂ ಪಾಲಿಶ್ ಮಾಡಿದ್ದು. ಕೆಲವು ಕಲ್ಲಿನ ಕೆಳಗ ಸಿಮೆಂಟ್ ಮಸಾಲಿ ಕೂತಿರಂಗಿಲ್ಲ, ಬಡದ್ರ ಟೊಳ್ಳು ಸಪ್ಪಳ ಬರ್ತದ. ಅಂಥ ಕಲ್ಲು ಬಿಟ್ಟು ಗಟ್ಟಿ ಸಪ್ಪಳದ ಜಾಗ ಹುಡುಕ್ರಿ. ನಾಲ್ಕೂ ಕಾಲು ಎರಡು ಕಲ್ಲಿನ ಸಂದಿ ಬಿಟ್ಟು ಕೂಡ್ರಬೇಕು. ಲೆವಲ್ ಇಟ್ಟು ಹೊಂದಸ್ರಿ, ಎದುರುಬದುರು ಮೂಲಿ ಒತ್ತಿ ನೋಡ್ರಿ, ಅಲುಗಬಾರದು. ಕಾಲಿನ ಮ್ಯಾಲಿನ ಲಾಕ್ ನಟ್ ಬಾಡಿ ಕಡಿಗೆ ಬಿಗಿ ಮಾಡೋದು ಎಲ್ಲರೂ ಮರೀತಾರ. ಅದು ಬಿಟ್ರ ಕಾಲು ತಾನೇ ತಿರುಗಿ ಲೆವಲ್ ಹೋಗ್ತದ. ಕಾಲಿನ ತಳದ ರಬ್ಬರ್ ಹೊಳಪಾಗಿ ಗಟ್ಟಿಯಾಗಿದ್ರ ಹೊಸಾದು ಹಾಕ್ರಿ.

ಬೇರಿಂಗೂ ನೋಡಿಬಿಡ್ರಿ, ಮುಚ್ಚಳ ತಗದೇ ಇರ್ತೀರಿ. ಬೆಲ್ಟ್ ತಗದು ಡ್ರಮ್ ಕೈಲೆ ತಿರುವಿದ್ರ ಗರಗರ ಅಂದ್ರ, ಇಲ್ಲಾ ಡ್ರಮ್ಮಿನ ಬಾಯಿ ಹಿಡದು ಮ್ಯಾಲ ಎತ್ತಿದ್ರ ಅಲುಗಿದ್ರ, ಬೇರಿಂಗ್ ಮುಗದದ. ಟಬ್ಬಿನ ಹಿಂದ ನಡುವಿನಿಂದ ಕೆಳಗ ತುಕ್ಕಿನ ಗೆರಿ ಇಳದಿದ್ರ ಆಯಿಲ್ ಸೀಲ್ ಸೋರಿ ನೀರು ಬೇರಿಂಗಿಗೆ ಹೋಗ್ಯಾದ. ಸೀಲ್ ಸೋರೋದೇ ಮೊದಲು, ಬೇರಿಂಗ್ ಸಾಯೋದು ಆಮ್ಯಾಲ. ನಂಬರ್ ಬೇರಿಂಗಿನ ಮ್ಯಾಲೇ ಕೆತ್ತಿರ್ತದ, ಹೆಚ್ಚಿನವು 6204, 6205, 6206ರ ಒಳಗ. ಇವು ವಾಶಿಂಗ್ ಮಷಿನ್ ಅಂಗಡಿಯಾಗೇ ಸಿಗಬೇಕಂತಿಲ್ಲ, ದಾಲ್ ಮಿಲ್ಲಿಗೆ, ಟ್ರ್ಯಾಕ್ಟರಿಗೆ ಸಾಮಾನು ಕೊಡೋ ಬೇರಿಂಗ್ ಅಂಗಡಿಯಾಗ ಸಿಗ್ತಾವ. ಎರಡೂ ಕಡಿ ರಬ್ಬರ್ ಮುಚ್ಚಿದ್ದು ಕೇಳ್ರಿ. ಶಾಫ್ಟ್ ಹೊರಗ ಬಡಿಯುವಾಗ ಬೋಲ್ಟ್ ವಾಪಸ್ ಹಚ್ಚಿ ಕಟ್ಟಿಗಿ ತುಂಡಿಟ್ಟು ಬಡೀರಿ, ಇಲ್ಲಾಂದ್ರ ಆಟೆ (ಥ್ರೆಡ್) ಹಾಳಾಗ್ತಾವ. ಸೀಲ್ ತಾಗೋ ಜಾಗದಾಗ ಶಾಫ್ಟಿಗೆ ಉಗುರು ಸಿಗೋ ಅಷ್ಟು ಗೆರಿ ಬಿದ್ದಿದ್ರ ಹೊಸ ಸೀಲೂ ಉಳಿಯಂಗಿಲ್ಲ, ಮೊದಲು ಶಾಫ್ಟಿನ ಆ ಜಾಗ ಸರಿ ಮಾಡಸ್ರಿ. ಡ್ರಮ್ಮಿನ ಹಿಂದಿನ ಮೂರು ಕೈಯಿನ ಅಲ್ಯೂಮಿನಿಯಂ ಜೇಡನೂ (ಡ್ರಮ್ಮನ್ನ ಶಾಫ್ಟಿಗೆ ಹಿಡದಿರೋ ತುಂಡು, ಸ್ಪೈಡರ್) ನೋಡ್ರಿ. ಪೌಡರಿನ ಕ್ಷಾರಕ್ಕ ಅದು ಬೆಳ್ಳಗ ಪುಡಿ ಪುಡಿ ಆಗಿರ್ತದ. ಕೈ ಬಿರಕ ಬಿಟ್ಟಿದ್ರ ಮಾತ್ರ ಮಷಿನಿನ ಆಸೆ ಬಿಡ್ರಿ.

---

ಟಕ್‌ಟಕ್, ಬೀದರ್

6205 ಅವರು ನೀರಿನ ಪೈಪ್ ಬಿಟ್ಟರು. ಹೊರಪೈಪನ್ನು ಬಚ್ಚಲ ನೆಲದ ಮೇಲೆ ಬಿಟ್ಟಿದ್ದರೆ ಅದು ಸೈಫನ್ ಆಗುತ್ತದೆ. ಒಂದು ಕಡೆ ವಾಲ್ವ್ ತುಂಬುತ್ತಾ ಇರುತ್ತದೆ, ಇನ್ನೊಂದು ಕಡೆ ನೀರು ಹೋಗುತ್ತಾ ಇರುತ್ತದೆ, ಹಳೆ ಮಷಿನಿಗೆ ಅದು ತಿಳಿಯುವುದೇ ಇಲ್ಲ. ಪೈಪಿನ ಕೊಕ್ಕೆ ನೆಲದಿಂದ 60ರಿಂದ 90 ಸೆಂಮೀ ಎತ್ತರದಲ್ಲಿ ಇರಲಿ, ತುದಿ ನೀರಲ್ಲಿ ಮುಳುಗದಿರಲಿ.

ಮಾಳಿಗೆಯ ಟ್ಯಾಂಕಿನಿಂದ ನೀರು ಕೊಡುವವರು ಎತ್ತರ ಲೆಕ್ಕ ಹಾಕಿ. ವಾಲ್ವಿನ ರಬ್ಬರ್ ಪರದೆ ತೆರೆಯಲೂ ಮುಚ್ಚಲೂ ನೀರಿನ ಒತ್ತಡವೇ ಬೇಕು, ಸಾಮಾನ್ಯವಾಗಿ 0.3 ಬಾರ್, ಅಂದರೆ ಮಷಿನಿನ ನಳದಿಂದ ಟ್ಯಾಂಕಿನ ನೀರಿಗೆ 3 ಮೀಟರ್. ಒಂದಂತಸ್ತಿನ ಮನೆಯಲ್ಲಿ ಟ್ಯಾಂಕ್ ನೇರ ಮಾಳಿಗೆ ಮೇಲೆ ಕೂತಿದ್ದರೆ ಸಾಲುವುದಿಲ್ಲ. ತುಂಬಲು ತಡವಾಗುವುದಷ್ಟೇ ಅಲ್ಲ, ಬಂದ್ ಮಾಡಿದ ಮೇಲೂ ಹನಿ ಹನಿ ಒಳಗೆ ಇಳಿಯುತ್ತಿರುತ್ತದೆ. ಟ್ಯಾಂಕನ್ನು ಕಟ್ಟೆಯ ಮೇಲೆ ಏರಿಸಿ. ವಾಲ್ವಿನ ಬಾಯಿಯ ಜಾಲರಿಯನ್ನೂ ತೊಳೆಯಿರಿ.

ಇನ್ನೊಂದು ಕಲಬುರಗಿ ಗುಣ: ಮೇ ತಿಂಗಳ ಮಧ್ಯಾಹ್ನ ಟ್ಯಾಂಕಿನ ನೀರೇ 40 ಡಿಗ್ರಿ ಇರುತ್ತದೆ. ನಾಬ್ 30ಕ್ಕೆ ಇಟ್ಟರೆ ಥರ್ಮೋಸ್ಟ್ಯಾಟ್ ಮೊದಲೇ ಬದಲಾಗಿ ಟೈಮರ್ ಕಾಯದೆ ಓಡುತ್ತದೆ, ವಾಶ್ ಗಿಡ್ಡವಾಗುತ್ತದೆ. ಬಣ್ಣ ಬಿಡುವ ಸೀರೆ ಇದ್ದರೆ ಬೆಳಗಿನ ಜಾವಕ್ಕೆ ಹಾಕಿ, ತಣ್ಣಗೆ ಮಾಡುವ ಶಕ್ತಿ ಈ ಮಷಿನಿಗಿಲ್ಲ.

ಹೀಟರಿನ ಅಳತೆ ಕೇಳಿದ್ದಿರಿ. ನಡುವಿನ ನಟ್ಟನ್ನು ಪೂರ್ತಿ ತೆಗೆಯದೆ ಬೋಲ್ಟಿನ ತುದಿಯ ತನಕ ಸಡಲಿಸಿ, ಮೆಲ್ಲಗೆ ಒಳಗೆ ತಟ್ಟಿ. ಆಗ ರಬ್ಬರ್ ಸಡಲಾಗುತ್ತದೆ, ಅಲುಗಾಡಿಸುತ್ತಾ ಎಳೆಯಿರಿ. ನೀರು ಬರುತ್ತದೆ, ಕೆಳಗೆ ಅರಿವೆ ಇಡಿ. ಅಳತೆ ನಾಲ್ಕು: ರಬ್ಬರಿನಿಂದ ತುದಿಯ ತನಕ ಉದ್ದ, ರಬ್ಬರ್ ಸೀಲಿನ ಉದ್ದಗಲ, ಕೊಳವೆ ನೇರವೋ ಬಾಗಿದೆಯೋ, ಥರ್ಮೋಸ್ಟ್ಯಾಟಿಗೆ ಪ್ರತ್ಯೇಕ ತೂತು ಇದೆಯೋ ಇಲ್ಲವೋ. ಹಳೆಯದನ್ನೇ ಅಂಗಡಿಗೆ ಒಯ್ಯುವುದು ಉತ್ತಮ. ವ್ಯಾಟ್ ಹೆಚ್ಚಿನದು ತರಬೇಡಿ, ಟೈಮರಿನ ಕಾಂಟ್ಯಾಕ್ಟ್ ಹಳೆ ವ್ಯಾಟಿಗೇ ಲೆಕ್ಕ ಹಾಕಿದ್ದು.

ಹಾಕುವಾಗ ಹೀಟರಿನ ಒಳತುದಿ ಟಬ್ಬಿನ ತಳದ ಕ್ಲಿಪ್ಪಿನೊಳಗೆ ಹೋಗಲೇಬೇಕು. ಹೋಗದಿದ್ದರೆ ಡ್ರಮ್ಮಿಗೆ ತಾಗಿ ಹಾಳಾಗುತ್ತದೆ. ಡ್ರಮ್ ಕೈಯಲ್ಲಿ ಒಂದು ಸುತ್ತು ತಿರುಗಿಸಿ ಸದ್ದು ಕೇಳಿ. ಸೀಲಿನ ಸುತ್ತ ಎನಾಮಲ್ ಚೂರು ಎದ್ದಿದ್ದರೆ ತುಕ್ಕು ಕೆರೆದು ಒರೆಸಿ, ನೀರು ತಡೆಯುವ ಎಪಾಕ್ಸಿ ಹಚ್ಚಿ ಒಂದು ದಿನ ಒಣಗಿಸಿಯೇ ಕೂಡಿಸಿ.

---

6205, ಸೇಡಂ

ಹೊಸ ಹೀಟರಿಗೆ ಸುಣ್ಣ ಕೂಡದಂಗ ಒಂದು ಮಾತು. ಸುಣ್ಣಗಲ್ಲಿನ ಸೀಮಿ ನಮ್ಮದು, ಬೋರಿನ ನೀರು ಹಚ್ಚಿದ್ರ ಎರಡು ಮೂರು ತಿಂಗಳಿಗೊಮ್ಮೆ 100–150 ಗ್ರಾಂ ಲಿಂಬಿಉಪ್ಪು (ಸಿಟ್ರಿಕ್ ಆಸಿಡ್) ಖಾಲಿ ಡ್ರಮ್ಮಿಗೆ ಹಾಕಿ 60 ಡಿಗ್ರಿಗೆ ನಡಸ್ರಿ. 90ಕ್ಕ ಬ್ಯಾಡ, ಭಾಳ ಬಿಸಿಗೆ ಸುಣ್ಣ ಬ್ಯಾರೆ ರೂಪದಾಗ ಮತ್ತ ಗಟ್ಟಿ ಕೂಡ್ತದ. ಸಂಡಾಸ ತೊಳಿಯೋ ಆಸಿಡ್ ಯಾವ ಕಾರಣಕ್ಕೂ ಹಾಕಬ್ಯಾಡ್ರಿ, ಸ್ಟೀಲು, ಅಲ್ಯೂಮಿನಿಯಂ ಎರಡನ್ನೂ ತಿಂತದ. ಕೈಲೆ ಒಗಿಯೋ ಪೌಡರೂ ಬ್ಯಾಡ. ನೊರಿ ಹೆಚ್ಚಾದ್ರ ಪಂಪ್ ನೀರು ಬಿಟ್ಟು ಗಾಳಿ ಹೊಡೀತದ, ಸ್ಪಿನ್ ಟೈಮಿಗೆ ಡ್ರಮ್ ನೊರಿಯಾಗ ಸಿಕ್ಕಿ ಮೋಟಾರ್ ಬಿಸಿಯಾಗಿ ಒಳಗಿನ ಥರ್ಮಲ್ ಕಟ್ ಬೀಳ್ತದ. ಅರ್ಧ ತಾಸು ಬಿಟ್ರ ತಾನೇ ಚಾಲೂ ಆಗ್ತದ, ಮೋಟಾರ್ ಸುಟ್ಟಿತು ಅಂತ ರಿವೈಂಡಿಂಗಿಗೆ ಒಯ್ಯಬ್ಯಾಡ್ರಿ.